ಪಂಜರದೊಳಗೆ ಒಳ್ಳೆಯ ಕಾದಾಟ, ಸುತ್ತ ಖಾಲಿ ಕುರ್ಚಿ: ಬೆಂಗಳೂರಿನ ಒಂದು ಎಂಎಂಎ ಸಂಜೆಯ ವಿಮರ್ಶೆ

ಬೆಂಗಳೂರಿನ ಹೊರವಲಯದ ಒಳಾಂಗಣವೊಂದರಲ್ಲಿ ಈಚೆಗೆ ನಡೆದ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ (ಎಂಎಂಎ: ಗುದ್ದು, ಒದೆತ, ಕುಸ್ತಿಯ ಹಿಡಿತಗಳೆಲ್ಲ ಸೇರಿದ ಕಾದಾಟ) ಕಾರ್ಯಕ್ರಮವನ್ನು ಟಿಕೆಟ್ ಕೊಂಡು, ಮೊದಲ ಪಂದ್ಯದಿಂದ ಕೊನೆಯ ಪಂದ್ಯದವರೆಗೆ ಕುಳಿತು ನೋಡಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ಸಂಘಟಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿ ಕಂಡ ಕೊರತೆಗಳು ಈ ಕ್ರೀಡೆಯನ್ನು ಸಣ್ಣ ಬಂಡವಾಳದಲ್ಲಿ ನಡೆಸಲು ಹೊರಟ ಯಾರಿಗೂ ಎದುರಾಗುವಂಥವು; ಒಬ್ಬರ ತಲೆಗೆ ಕಟ್ಟಿದರೆ ಅನ್ಯಾಯವಾಗುತ್ತದೆ. ಪಂಜರದೊಳಗೆ ನಡೆದದ್ದಕ್ಕೆ ಕೊಟ್ಟ ಹಣ ಸಾರ್ಥಕವಾಯಿತು ಎಂದು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿದ್ದ ಕುರ್ಚಿಗಳಲ್ಲಿ ಅರ್ಧದಷ್ಟೂ ತುಂಬಿರಲಿಲ್ಲ, ಬಂದವರಲ್ಲಿ ಹೆಚ್ಚಿನವರು ಸ್ಪರ್ಧಿಗಳ ಮನೆಯವರು ಮತ್ತು ಅವರ ಜಿಮ್‌ನ ಸಂಗಾತಿಗಳು ಎಂಬುದನ್ನೂ ಹೇಳಬೇಕು. ಇಷ್ಟು ಒಳ್ಳೆಯ ಕಾದಾಟಕ್ಕೆ ಇಷ್ಟು ಕಡಿಮೆ ಜನ ಏಕೆ ಬರುತ್ತಾರೆ ಎಂಬ ಪ್ರಶ್ನೆಗೆ ಆ ಸಂಜೆಯ ವ್ಯವಸ್ಥೆಯಲ್ಲೇ ಬಹುಪಾಲು ಉತ್ತರವಿತ್ತು: ಯಾರು ಯಾರ ಮೇಲೆ ಕಾದುತ್ತಾರೆ, ಅವರು ಎಲ್ಲಿಯವರು ಎಂಬುದನ್ನು ನೋಡುಗರಿಗೆ ಯಾರೂ ತಿಳಿಸಿರಲಿಲ್ಲ.

ಟಿಕೆಟ್ ಕೊಳ್ಳುವಾಗ ನೋಡಿದ ಪೋಸ್ಟರಿನಲ್ಲಿ ಸಾಲಾಗಿ ಸಿಟ್ಟಿನ ಮುಖಗಳಿದ್ದವು, ಅವುಗಳ ಕೆಳಗೆ ಇಂಗ್ಲಿಷ್ ಅಡ್ಡಹೆಸರುಗಳಿದ್ದವು, ಇವೆಲ್ಲಕ್ಕಿಂತ ದೊಡ್ಡದಾಗಿ ಅತಿಥಿಯಾಗಿ ಬರಲಿದ್ದ ಕಿರುತೆರೆ ತಾರೆಯೊಬ್ಬರ ಚಿತ್ರವಿತ್ತು. ಸ್ಪರ್ಧಿಗಳ ಊರು ಯಾವುದು, ತೂಕ ಎಷ್ಟು, ಗರಡಿಯಿಂದ ಬಂದವರೋ ಬಾಕ್ಸಿಂಗ್‌ನಿಂದ ಬಂದವರೋ, ಹಿಂದೆ ಯಾರನ್ನು ಗೆದ್ದು ಯಾರಿಗೆ ಸೋತಿದ್ದಾರೆ ಎಂಬುದೊಂದೂ ಇರಲಿಲ್ಲ. ಪಂದ್ಯಗಳ ಪೂರ್ಣ ಪಟ್ಟಿ ಇನ್‌ಸ್ಟಾಗ್ರಾಮ್‌ನಲ್ಲಿ ಪ್ರಕಟವಾದದ್ದು ಹಿಂದಿನ ದಿನದ ತೂಕ ಪರೀಕ್ಷೆ ಮುಗಿದ ಮೇಲೆ. ಅಂದರೆ ಮುಂಚಿತವಾಗಿ ಟಿಕೆಟ್ ಕೊಂಡವರೆಲ್ಲ ಏನನ್ನು ನೋಡಲಿದ್ದೇವೆ ಎಂದು ತಿಳಿಯದೆಯೇ ದುಡ್ಡು ಕೊಟ್ಟಿದ್ದರು.

ಇದೇ ರಾಜ್ಯದಲ್ಲಿ ಇದಕ್ಕಿಂತ ಎಷ್ಟೋ ಹಳೆಯದಾದ, ಎಷ್ಟೋ ಉತ್ತಮವಾದ ಪದ್ಧತಿಯೊಂದಿದೆ. ಮೈಸೂರು ದಸರಾ ಕುಸ್ತಿಗೆ ಮುನ್ನ ಪೈಲ್ವಾನರನ್ನು ಕರೆಸಿ, ಹಿರಿಯ ಉಸ್ತಾದರ ಮುಂದೆ ಒಬ್ಬರ ಪಕ್ಕ ಒಬ್ಬರನ್ನು ನಿಲ್ಲಿಸಿ, ಸರಿಸಮಾನರನ್ನು ನೋಡಿ ಜೋಡಿ ಕಟ್ಟುತ್ತಾರೆ. ಕಟ್ಟಿದ ಜೋಡಿಗಳ ಸುದ್ದಿ ಗರಡಿಯಿಂದ ಗರಡಿಗೆ, ಊರಿಂದ ಊರಿಗೆ ಹೋಗುತ್ತದೆ. ದೊಡ್ಡಕೆರೆ ಮೈದಾನದ ಅಖಾಡದ ಸುತ್ತ ಕೂರುವ ಹಿರಿಯರಿಗೆ ಇವನು ಯಾವ ಗರಡಿಯ ಹುಡುಗ, ಇವನ ಉಸ್ತಾದ್ ಯಾರು, ಯಾವ ಪಟ್ಟಿನಲ್ಲಿ ಗಟ್ಟಿಗ ಎಂಬುದೆಲ್ಲ ಗೊತ್ತಿರುತ್ತದೆ. ವಿಜಯದಶಮಿಯಂದು ಅರಮನೆಯ ಆವರಣದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗ ಒಬ್ಬ ಜಟ್ಟಿಯ ತಲೆಯಿಂದ ರಕ್ತ ಚಿಮ್ಮಿದೊಡನೆ ಮುಗಿದುಹೋಗುತ್ತದೆ, ಕೆಲವೊಮ್ಮೆ ಕ್ಷಣಗಳಲ್ಲಿ. ಆದರೂ ಈ ಬಾರಿ ಚನ್ನಪಟ್ಟಣದವರು ಯಾರು, ಚಾಮರಾಜನಗರದವರು ಯಾರು ಎಂದು ಜನ ವಾರ ಮೊದಲೇ ವಿಚಾರಿಸುತ್ತಾರೆ. ಕಾದಾಟದ ಆಟಗಳಿಗೆ ಕರ್ನಾಟಕದಲ್ಲಿ ಪ್ರೇಕ್ಷಕರಿಲ್ಲ ಎಂಬ ಮಾತನ್ನು ಎಂಎಂಎ ವಲಯದಲ್ಲಿ ಆಗಾಗ ಕೇಳುತ್ತೇನೆ. ಆ ಮಾತನ್ನು ನಾನು ಒಪ್ಪುವುದಿಲ್ಲ.

ಪಟ್ಟಿ ತಡವಾಗಿ ಬರುವುದಕ್ಕೆ ಸಂಘಟಕರ ಬಳಿ ಕಾರಣಗಳಿವೆ, ಅವುಗಳಲ್ಲಿ ಹೆಚ್ಚಿನವು ನಿಜವಾದ ಕಾರಣಗಳೇ. ಅಭ್ಯಾಸದಲ್ಲೇ ಮೂಗು ಮುರಿಯುತ್ತದೆ, ಮೊಣಕಾಲು ತಿರುಚುತ್ತದೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ರಕ್ತಪರೀಕ್ಷೆಯ ವರದಿ ಸಮಯಕ್ಕೆ ಸರಿಯಾಗಿ ಕೈಸೇರದಿದ್ದರೆ ವೈದ್ಯರು ಪಂಜರ ಹತ್ತಲು ಬಿಡುವುದಿಲ್ಲ, ಬಿಡಲೂಬಾರದು. ಕೊನೆಯ ದಿನಗಳಲ್ಲಿ ನೀರು ಬಿಟ್ಟು, ಬೆವರು ಹರಿಸಿ ಐದಾರು ಕಿಲೊ ಇಳಿಸುವ ಅಭ್ಯಾಸ ಈ ಕ್ರೀಡೆಯಲ್ಲಿ ಎಲ್ಲೆಡೆ ಇದೆ. ಆ ಸಂಜೆಯ ಪಟ್ಟಿಯಲ್ಲಿದ್ದ ಲೈಟ್‌ವೇಟ್ ಪಂದ್ಯ ರದ್ದಾದದ್ದು ಹಾಗೆಯೇ: ಒಬ್ಬ ಸ್ಪರ್ಧಿ 70.3 ಕಿಲೊದ ಮಿತಿಯನ್ನು ಎರಡು ಕಿಲೊಗಿಂತ ಹೆಚ್ಚು ಮೀರಿದ್ದ, ಎದುರಾಳಿಯ ತರಬೇತುದಾರರು ಒಪ್ಪಲಿಲ್ಲ. ಅವರು ಮಾಡಿದ್ದು ಸರಿ. ದೊಡ್ಡ ಸಂಸ್ಥೆಯಾದರೆ ಬದಲಿ ಸ್ಪರ್ಧಿಯೊಬ್ಬನನ್ನು ಸಿದ್ಧವಾಗಿಟ್ಟಿರುತ್ತದೆ. ಸಣ್ಣ ಸಂಸ್ಥೆಗೆ ಅದರ ಖರ್ಚು ತಾಳಲಾಗದು. ಆದರೆ ಒಂದು ಪಂದ್ಯ ತಪ್ಪಬಹುದು ಎಂಬ ಭಯದಿಂದ ಉಳಿದೆಲ್ಲ ಪಂದ್ಯಗಳನ್ನೂ ಗುಟ್ಟಾಗಿಡುವುದು ಸರಿಯಲ್ಲ. ಆರು ವಾರ ಮೊದಲೇ ಪ್ರಕಟಿಸಿ, ಒಂದು ಮುರಿದುಬಿದ್ದರೆ ಮುರಿದುಬಿತ್ತು ಎಂದು ತಿಳಿಸಿದರೆ ಜನ ಅರ್ಥಮಾಡಿಕೊಳ್ಳುತ್ತಾರೆ.

ಹಣದ ಲೆಕ್ಕವನ್ನೂ ಇಲ್ಲೇ ನೋಡಬೇಕು. ಪಂಜರವನ್ನು ಲಾರಿಯಲ್ಲಿ ತಂದು ಜೋಡಿಸಬೇಕು. ಆಂಬುಲೆನ್ಸ್ ಬಾಗಿಲಲ್ಲೇ ನಿಂತಿರಬೇಕು. ವೈದ್ಯರು, ರೆಫರಿ, ಮೂವರು ತೀರ್ಪುಗಾರರು, ವಿಮೆ, ರಕ್ತಪರೀಕ್ಷೆ, ಹೊರಗಿನಿಂದ ಬರುವ ಪ್ರತಿಯೊಬ್ಬ ಸ್ಪರ್ಧಿಗೂ ಅವನ ಜೊತೆಯವರಿಗೂ ಪ್ರಯಾಣ ಮತ್ತು ವಸತಿ, ಇವೆಲ್ಲ ಬೇಕೇಬೇಕು. ಐನೂರು ಜನ ಬಂದರೂ ಐದು ಸಾವಿರ ಜನ ಬಂದರೂ ಈ ಖರ್ಚು ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಸಣ್ಣ ಸಂಘಟಕರಿಗೆ ಕಡಿತ ಮಾಡಲು ಉಳಿಯುವುದು ಪ್ರಚಾರ, ಆಸನ, ಧ್ವನಿ, ಪರದೆ. ಪ್ರೇಕ್ಷಕರ ಅನುಭವಕ್ಕೆ ಬರುವುದೂ ಇವೇ. ಈ ಸಂಘಟಕರು ಸುರಕ್ಷತೆಯಲ್ಲಿ ಕೈ ಬಿಗಿ ಮಾಡಲಿಲ್ಲ ಎಂಬುದನ್ನು ಮೆಚ್ಚುಗೆಯಿಂದಲೇ ದಾಖಲಿಸುತ್ತೇನೆ. ಪ್ರತಿ ಪಂದ್ಯದ ನಂತರ ಸೋತವರನ್ನು ವೈದ್ಯರು ಕೂರಿಸಿ, ಕಣ್ಣಿಗೆ ದೀಪ ಹಿಡಿದು ನೋಡಿಯೇ ಕಳಿಸುತ್ತಿದ್ದರು. ಒಬ್ಬ ಹುಡುಗ ಹುಬ್ಬಿನ ಮೇಲಿನ ಗಾಯದೊಂದಿಗೆ ಮೂರನೆಯ ಸುತ್ತಿಗೆ ಹಟ ಹಿಡಿದಾಗ ರೆಫರಿ ಅವನ ಮಾತನ್ನು ಕೇಳದೆ ಪಂದ್ಯ ನಿಲ್ಲಿಸಿದರು.

ಸಭಾಂಗಣದ ವ್ಯವಸ್ಥೆ ಮಾತ್ರ ಬೇಸರ ತರಿಸಿತು. ದುಬಾರಿ ಟಿಕೆಟಿನವರಿಗೆ ಸಮತಟ್ಟಾದ ನೆಲದಲ್ಲಿ ಸಾಲು ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿದ್ದರು. ಸ್ಪರ್ಧಿಗಳು ನಿಂತು ಗುದ್ದಾಡುವವರೆಗೆ ಎಲ್ಲರಿಗೂ ಕಾಣುತ್ತದೆ. ಒಬ್ಬರು ಇನ್ನೊಬ್ಬರನ್ನು ಕೆಡವಿ ನೆಲದ ಹಿಡಿತಕ್ಕೆ ಹೋದ ಕ್ಷಣದಿಂದ ನಾಲ್ಕನೆಯ ಸಾಲಿನ ಹಿಂದಿದ್ದವರಿಗೆ ಪಂಜರದ ಜಾಲರಿ, ಅಂಚಿನ ದಿಂಬು ಮತ್ತು ಮುಂದಿನವರ ತಲೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಎಂಎಂಎಯಲ್ಲಿ ಅರ್ಧ ಆಟ ನಡೆಯುವುದೇ ನೆಲದ ಮೇಲೆ. ಅದಕ್ಕಾಗಿಯೇ ಎತ್ತರದಲ್ಲಿ ಪರದೆ ಬೇಕು. ಪರದೆಯೇನೋ ಇತ್ತು, ಆದರೆ ಅದರಲ್ಲಿ ಹೆಚ್ಚಿನ ಹೊತ್ತು ಪ್ರೋಟೀನ್ ಪುಡಿಯ ಜಾಹೀರಾತು ಸುತ್ತುತ್ತಿತ್ತು. ಸುತ್ತಿನಲ್ಲಿ ಎಷ್ಟು ಸಮಯ ಉಳಿದಿದೆ ಎಂದು ತೋರಿಸುವ ಗಡಿಯಾರ ಸಭಿಕರಿಗೆ ಕಾಣುವಂತೆ ಎಲ್ಲೂ ಇರಲಿಲ್ಲ. ಪಂದ್ಯಗಳ ನಡುವಿನ ವಿರಾಮ ಪಂದ್ಯಗಳಿಗಿಂತ ಉದ್ದವಾಗಿತ್ತು. ಆ ಹೊತ್ತಿನಲ್ಲೆಲ್ಲ ಪಕ್ಕದವರ ಮಾತೂ ಕೇಳದಷ್ಟು ಜೋರಾಗಿ ಸಂಗೀತ ಹಾಕಿದ್ದರಿಂದ ಮಕ್ಕಳನ್ನು ಕರೆತಂದಿದ್ದ ಒಂದೆರಡು ಕುಟುಂಬಗಳು ಮುಖ್ಯ ಪಂದ್ಯಗಳಿಗೆ ಮೊದಲೇ ಎದ್ದುಹೋದವು.

ಇಂಥ ವ್ಯವಸ್ಥೆಯ ನಡುವೆ ನಡೆದ ಒಂದು ಪಂದ್ಯದ ಬಗ್ಗೆ ವಿವರವಾಗಿ ಬರೆಯಲೇಬೇಕು. 61 ಕಿಲೊ ವಿಭಾಗದಲ್ಲಿ ಬೆಳಗಾವಿ ಕಡೆಯ ಗರಡಿಯಲ್ಲಿ ಬೆಳೆದ ಹುಡುಗನಿಗೆ ಎದುರಾಗಿ ಈಶಾನ್ಯದ ಒಬ್ಬ ನುರಿತ ಕಿಕ್‌ಬಾಕ್ಸರ್ ಇದ್ದ. ಮೊದಲ ಸುತ್ತಿನಲ್ಲಿ ಬೆಳಗಾವಿಯವನ ಎಡತೊಡೆಗೆ ಒದೆತಗಳು ಒಂದೇ ಜಾಗದಲ್ಲಿ ಬಿದ್ದು ಚರ್ಮ ಕೆಂಪೇರಿತು, ಅವನು ಕಾಲೆಳೆಯತೊಡಗಿದ. ಎರಡನೆಯ ಸುತ್ತಿನಲ್ಲಿ ಒದೆತ ಬರುವ ಹೊತ್ತಿಗೇ ತಗ್ಗಿ, ಎರಡೂ ಕಾಲುಗಳಿಗೆ ಕೈ ಹಾಕಿ ಎದುರಾಳಿಯನ್ನು ಎತ್ತಿ ಕೆಡವಿದ. ಬೀಳುತ್ತಲೇ ಎದುರಾಳಿ ಅವನ ಕುತ್ತಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಿಗಿದ. ಹೊಸಬರು ಇಂಥ ಹೊತ್ತಿನಲ್ಲಿ ತಲೆಯನ್ನು ಹಿಂದಕ್ಕೆ ಎಳೆದು ಹಿಡಿತವನ್ನು ತಾವೇ ಬಿಗಿ ಮಾಡಿಕೊಳ್ಳುತ್ತಾರೆ. ಈ ಹುಡುಗ ಹಾಗೆ ಮಾಡಲಿಲ್ಲ. ಎದುರಾಳಿಯ ಮೊಣಕೈಯನ್ನು ಕೆಳಕ್ಕೆ ಒತ್ತಿ ಹಿಡಿದು, ನಿಧಾನವಾಗಿ ಆಚೆ ಬದಿಗೆ ಸರಿದು, ತನ್ನ ಭುಜದ ಭಾರವನ್ನೆಲ್ಲ ಅವನ ಗಂಟಲಿನ ಮೇಲೆ ಇಳಿಸಿದ. ಹಿಡಿತ ಸಡಿಲವಾಯಿತು. ಎದುರಾಳಿ ತಪ್ಪಿಸಿಕೊಳ್ಳಲು ಹೊರಳಿದೊಡನೆ ಬೆನ್ನೇರಿ, ಕಾಲುಗಳಿಂದ ಸೊಂಟವನ್ನು ಸುತ್ತಿ, ಮುಂದೋಳನ್ನು ಗದ್ದದ ಕೆಳಗೆ ತೂರಿಸಿದ. ಎದುರಾಳಿ ಅವನ ತೋಳನ್ನು ಮೂರು ಬಾರಿ ತಟ್ಟಿ ಸೋಲೊಪ್ಪಿದ. ದೇಶದ ಯಾವ ವೇದಿಕೆಗೂ ಸಲ್ಲುವ ಸೆಣಸಾಟವದು.

ಆದರೆ ಆ ಅರ್ಧ ನಿಮಿಷ ಸಭಾಂಗಣದಲ್ಲಿ ಸದ್ದೇ ಇರಲಿಲ್ಲ, ಏಕೆಂದರೆ ನೆಲದ ಮೇಲೆ ಏನು ನಡೆಯುತ್ತಿದೆ ಎಂದು ಬಹಳ ಜನರಿಗೆ ಕಾಣಲಿಲ್ಲ, ಕಂಡವರಲ್ಲಿ ಹಲವರಿಗೆ ತಿಳಿಯಲಿಲ್ಲ. ವೀಕ್ಷಕ ವಿವರಣೆಕಾರರು ಪಂಜರದ ಪಕ್ಕದಲ್ಲೇ ಕುಳಿತು ನೇರಪ್ರಸಾರದವರಿಗಾಗಿ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದರು. ಸಭಿಕರಿಗೆ ಅದು ಕೇಳುತ್ತಿರಲಿಲ್ಲ. ಹುಡುಗನ ಕಡೆಯ ಹಿರಿಯರೊಬ್ಬರು ಮಾತ್ರ ಜಾಲರಿಯ ಹತ್ತಿರ ನಿಂತು, ‘ಅವಸರ ಮಾಡಬ್ಯಾಡ ತಮ್ಮಾ, ಆ ಕಡೆ ಹೊಳ್ಳು, ಭಾರ ಹಾಕು’ ಎಂದು ಕೂಗುತ್ತಿದ್ದರು. ಆ ಮೂರು ಮಾತುಗಳಲ್ಲಿ ಇಡೀ ಪಂದ್ಯದ ತಿರುವು ಇತ್ತು. ಅವರ ಪಕ್ಕದಲ್ಲಿ ಕುಳಿತಿದ್ದ ನಾಲ್ಕೈದು ಅಪರಿಚಿತರು ಅವರ ಮಾತು ಕೇಳುತ್ತ ಪಂದ್ಯವನ್ನು ಅರ್ಥಮಾಡಿಕೊಂಡು, ಕೊನೆಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕುಸ್ತಿಯ ಧೋಬಿ ಪಟ್ಟು, ಢಾಕು ಎಂದರೆ ಏನೆಂದು ಬಲ್ಲ ಜನಕ್ಕೆ ನೆಲದ ಹಿಡಿತಗಳನ್ನು ವಿವರಿಸುವುದು ಕಷ್ಟವೇನಲ್ಲ. ಕನ್ನಡ ಬಲ್ಲ ಒಬ್ಬ ಮಾಜಿ ಪೈಲ್ವಾನರ ಕೈಗೆ ಮೈಕು ಕೊಟ್ಟಿದ್ದರೆ ಆ ಸಭಾಂಗಣದ ಸ್ವರೂಪವೇ ಬೇರೆಯಾಗುತ್ತಿತ್ತು. ಇದಕ್ಕೆ ತಗಲುವ ಖರ್ಚು ಅತಿಥಿ ತಾರೆಗೆ ಕೊಟ್ಟಿರಬಹುದಾದ ಸಂಭಾವನೆಯ ಒಂದು ಸಣ್ಣ ಪಾಲು.

ತಾರೆಯರನ್ನು ಕರೆಸಿ ಜನ ಸೇರಿಸುವ ಪ್ರಯತ್ನಕ್ಕೆ ನಮ್ಮ ದೇಶದಲ್ಲೇ ಇತಿಹಾಸವಿದೆ. 2012ರ ಮಾರ್ಚ್‌ನಲ್ಲಿ ಉದ್ಯಮಿ ರಾಜ್ ಕುಂದ್ರಾ ಮತ್ತು ನಟ ಸಂಜಯ್ ದತ್ ಸೂಪರ್ ಫೈಟ್ ಲೀಗ್ ಎಂಬ ಎಂಎಂಎ ಲೀಗನ್ನು ಮುಂಬೈಯಲ್ಲಿ ಭಾರಿ ವೈಭವದಿಂದ ಆರಂಭಿಸಿದರು. ಮುಖ್ಯ ಪಂದ್ಯ ಬಾಬ್ ಸ್ಯಾಪ್ ಮತ್ತು ಜೇಮ್ಸ್ ಥಾಂಪ್ಸನ್ ನಡುವೆ, ಇಬ್ಬರೂ ವಿದೇಶಿ ದೈತ್ಯರು. ಪಂದ್ಯ ಮೊದಲ ಸುತ್ತಿನಲ್ಲೇ ಮುಗಿಯಿತು. ಚಂಡೀಗಢ, ದೆಹಲಿಗಳ ಕಾರ್ಯಕ್ರಮಗಳ ನಂತರ ಆ ಲೀಗ್ ದೊಡ್ಡ ಕ್ರೀಡಾಂಗಣಗಳನ್ನು ಬಿಟ್ಟು ಮುಂಬೈಯ ಸ್ಟುಡಿಯೊದಲ್ಲಿ ಶುಕ್ರವಾರದ ಟಿವಿ ಕಾರ್ಯಕ್ರಮವಾಗಿ ಉಳಿಯಿತು. 2017ರಲ್ಲಿ ಅದೇ ಹೆಸರಿನಲ್ಲಿ ನಗರವಾರು ತಂಡಗಳ ಲೀಗ್ ಬಂದಾಗ ಬೆಂಗಳೂರು ಟೈಗರ್ಸ್ ಎಂಬ ತಂಡವೂ ಇತ್ತು, ಆದರೆ ಪಂದ್ಯಗಳು ನಡೆದದ್ದು ದೆಹಲಿಯ ಸಿರಿ ಫೋರ್ಟ್ ಕ್ರೀಡಾ ಸಂಕೀರ್ಣದಲ್ಲಿ. ತನ್ನ ಊರಿನ ಹೆಸರು ಹೊತ್ತ ತಂಡವನ್ನು ತನ್ನ ಊರಿನಲ್ಲಿ ಕಾಣಲಾಗದ ಬೆಂಗಳೂರಿಗ ಅದನ್ನು ಹೇಗೆ ಹಚ್ಚಿಕೊಳ್ಳಬೇಕು? 2014ರಲ್ಲಿ ಆರಂಭವಾದ ಪ್ರೊ ಕಬಡ್ಡಿ ಲೀಗ್ ನಗರದಿಂದ ನಗರಕ್ಕೆ ಹೋಗಿ ಆಡಿಸಿದ್ದರಿಂದಲೇ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಬೆಂಗಳೂರು ಬುಲ್ಸ್‌ಗಾಗಿ ಗಂಟಲು ಹರಿಯುವಂತೆ ಕೂಗುವ ಜನ ಹುಟ್ಟಿಕೊಂಡರು.

ಅಮೆರಿಕದಲ್ಲೂ ಇದೇ ದಾರಿಯಲ್ಲಿ ಹೋಗಿ ಎಡವಿದವರಿದ್ದಾರೆ. ಬಟ್ಟೆ ಕಂಪನಿಯೊಂದು 2008ರಲ್ಲಿ ಆರಂಭಿಸಿದ ಅಫ್ಲಿಕ್ಷನ್ ಎಂಬ ಎಂಎಂಎ ಸಂಸ್ಥೆ ರಷ್ಯಾದ ಫೆಡೋರ್ ಎಮೆಲಿಯಾನೆಂಕೊ ಅವರಂಥ ದಿಗ್ಗಜರಿಗೆ ಭಾರಿ ಸಂಭಾವನೆ ಕೊಟ್ಟು ಕರೆತಂದಿತು. ಎರಡು ಕಾರ್ಯಕ್ರಮ ನಡೆಸಿ, ಮೂರನೆಯದರ ಮುಖ್ಯ ಪಂದ್ಯ ಜೋಶ್ ಬಾರ್ನೆಟ್ ಅವರ ಉದ್ದೀಪನ ಮದ್ದು ಪರೀಕ್ಷೆಯಿಂದ ಮುರಿದುಬೀಳುತ್ತಲೇ 2009ರಲ್ಲಿ ಬಾಗಿಲು ಮುಚ್ಚಿತು. ಎಲೀಟ್ ಎಕ್ಸ್‌ಸಿ ಎಂಬ ಸಂಸ್ಥೆ ತನ್ನ ಭಾರವನ್ನೆಲ್ಲ ಕಿಂಬೊ ಸ್ಲೈಸ್ ಎಂಬ ಒಬ್ಬನೇ ವ್ಯಕ್ತಿಯ ಮೇಲೆ ಹಾಕಿತ್ತು. 2008ರ ಅಕ್ಟೋಬರ್ 4ರಂದು ಆತ ಬದಲಿ ಸ್ಪರ್ಧಿ ಸೆತ್ ಪೆಟ್ರುಜೆಲ್ಲಿಗೆ 14 ಸೆಕೆಂಡುಗಳಲ್ಲಿ ಸೋತ, ಅದೇ ತಿಂಗಳು ಸಂಸ್ಥೆಯೂ ಮುಚ್ಚಿಹೋಯಿತು.

ಜನ ಸೇರಿಸಿದವರು ಬೇರೆ ಕೆಲಸ ಮಾಡಿದರು. ಸ್ಕಾಟ್ ಕೋಕರ್ ಅವರು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ವರ್ಷಗಟ್ಟಲೆ ಕಿಕ್‌ಬಾಕ್ಸಿಂಗ್ ನಡೆಸಿ ಅಲ್ಲಿಯ ಪ್ರೇಕ್ಷಕರನ್ನು ಬಲ್ಲವರಾಗಿದ್ದರು. 2006ರ ಮಾರ್ಚ್ 10ರಂದು ತಮ್ಮ ಸಂಸ್ಥೆ ಸ್ಟ್ರೈಕ್‌ಫೋರ್ಸ್‌ನ ಮೊದಲ ಎಂಎಂಎ ಕಾರ್ಯಕ್ರಮವನ್ನು ಅದೇ ಊರಿನಲ್ಲಿ, ಅಲ್ಲಿಯ ಜನ ತಮ್ಮವರೆಂದು ಬಗೆದ ಫ್ರಾಂಕ್ ಶಾಮ್ರಾಕ್ ಮತ್ತು ಕುಂಗ್ ಲಿ ಅವರನ್ನು ಮುಂದಿಟ್ಟುಕೊಂಡು ನಡೆಸಿದಾಗ 18,265 ಜನ ಬಂದರು. ಮುಖ್ಯ ಪಂದ್ಯ 21 ಸೆಕೆಂಡುಗಳಲ್ಲಿ ಮುಗಿದರೂ ಆ ಊರಿನಲ್ಲಿ ಸ್ಟ್ರೈಕ್‌ಫೋರ್ಸ್‌ಗೆ ಜನ ಬರುವುದು ನಿಲ್ಲಲಿಲ್ಲ. ಪೋಲೆಂಡಿನ ಕೆಎಸ್‌ಡಬ್ಲ್ಯು ಎಂಬ ಎಂಎಂಎ ಸಂಸ್ಥೆ 2004ರಲ್ಲಿ ವಾರ್ಸಾದ ಹೋಟೆಲೊಂದರಲ್ಲಿ ಶುರುವಾದದ್ದು. ಆ ದೇಶದ ಪ್ರತಿ ಮನೆಗೂ ಗೊತ್ತಿದ್ದ ಬಲಶಾಲಿ ಮಾರಿಯುಸ್ ಪುದ್ಜಿಯಾನೋವ್ಸ್ಕಿ ಅವರನ್ನು 2009ರಲ್ಲಿ ಕಾದಾಟಕ್ಕೆ ಇಳಿಸಿತು, ಮಾಮೆದ್ ಖಾಲಿದೊವ್ ಅವರನ್ನು ವರ್ಷಗಳ ಕಾಲ ಬಿಟ್ಟುಕೊಡದೆ ಬೆಳೆಸಿತು. 2017ರ ಮೇ 27ರಂದು ವಾರ್ಸಾದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ 57,776 ಜನರನ್ನು ಸೇರಿಸಿತು. ಪುದ್ಜಿಯಾನೋವ್ಸ್ಕಿ ಕೂಡ ತಾರೆಯೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಆದರೆ ಆತ ಗೇಟಿನಲ್ಲಿ ಕೈಬೀಸಿ ಹೋಗುವ ಅತಿಥಿಯಾಗಿರಲಿಲ್ಲ. ಗುದ್ದು ತಿಂದರು, ಸೋತರು, ಮತ್ತೆ ಬಂದು ಕಾದಿದರು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಸಣ್ಣ ಸಂಸ್ಥೆಗೆ ಒಂದು ಸಂಕಟ ಉಳಿಯುತ್ತದೆ: ಬೆಳೆಸಿದವರು ಹೊರಟುಹೋಗುತ್ತಾರೆ. ಐರ್ಲೆಂಡಿನ ಕಾನರ್ ಮೆಕ್‌ಗ್ರೆಗರ್ 2012ರಲ್ಲಿ ಬ್ರಿಟನ್ನಿನ ಸಂಸ್ಥೆ ಕೇಜ್ ವಾರಿಯರ್ಸ್‌ನ ಎರಡು ತೂಕಗಳ ಪಟ್ಟ ಗೆದ್ದರು, ಎರಡನೆಯದನ್ನು ಗೆದ್ದದ್ದು ತಮ್ಮ ಊರು ಡಬ್ಲಿನ್‌ನಲ್ಲೇ; ಮರು ಏಪ್ರಿಲ್‌ನಲ್ಲಿ ಅವರು ಈ ಕ್ರೀಡೆಯ ಅತಿ ದೊಡ್ಡ ಸಂಸ್ಥೆಯಾದ ಅಮೆರಿಕದ ಯುಎಫ್‌ಸಿಯಲ್ಲಿದ್ದರು. ನಮ್ಮಲ್ಲಿ ಪೂಜಾ ತೋಮರ್ ಸೂಪರ್ ಫೈಟ್ ಲೀಗ್, ಮ್ಯಾಟ್ರಿಕ್ಸ್ ಫೈಟ್ ನೈಟ್ ಎಂಬ ದೇಶೀ ವೇದಿಕೆಗಳಲ್ಲಿ ಕಾದಿ ಪಳಗಿ, 2024ರ ಜೂನ್‌ನಲ್ಲಿ ಯುಎಫ್‌ಸಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಅನ್ಶುಲ್ ಜುಬ್ಲಿ ಕೂಡ ಮ್ಯಾಟ್ರಿಕ್ಸ್ ಫೈಟ್ ನೈಟ್‌ನಿಂದಲೇ ಮೇಲೇರಿದವರು. ಸ್ಪರ್ಧಿಗಳು ದೊಡ್ಡ ವೇದಿಕೆಗೆ ಹೋಗಬಾರದು ಎಂದು ಯಾರೂ ಹೇಳಲಾರರು; ಅವರ ವೃತ್ತಿಯ ಆಯಸ್ಸು ಚಿಕ್ಕದು, ಹಣ ಅಲ್ಲಿದೆ. ಆದರೆ ಫುಟ್‌ಬಾಲ್‌ನಲ್ಲಿ ಹುಡುಗನನ್ನು ಬೆಳೆಸಿದ ಕ್ಲಬ್ಬಿಗೆ ವರ್ಗಾವಣೆ ಶುಲ್ಕವೋ ಫಿಫಾ ನಿಯಮದಂತೆ ತರಬೇತಿ ಪರಿಹಾರವೋ ದೊರೆಯುತ್ತದೆ. ಎಂಎಂಎಯಲ್ಲಿ ಅಂಥ ಅಂತರರಾಷ್ಟ್ರೀಯ ಏರ್ಪಾಡಿಲ್ಲ. ಹೀಗಾಗಿ ಜನ ಒಂದು ಮುಖವನ್ನು ಗುರುತಿಸುವ ಹೊತ್ತಿಗೆ ಆ ಮುಖ ಪೋಸ್ಟರಿನಿಂದ ಮಾಯವಾಗಿರುತ್ತದೆ, ಸಂಘಟಕರ ಕೈಗೆ ಏನೂ ಬಂದಿರುವುದಿಲ್ಲ. ಸ್ಪರ್ಧಿಯ ಜೊತೆಗೆ ಅವನ ಊರನ್ನೂ ಗರಡಿಯನ್ನೂ ಮುಂದಿಟ್ಟ ಸಂಸ್ಥೆಗೆ ಈ ಪೆಟ್ಟು ಕಡಿಮೆ. ಮೆಕ್‌ಗ್ರೆಗರ್ ಹೋದ ಮೇಲೆ ಕೇಜ್ ವಾರಿಯರ್ಸ್ ವೇಲ್ಸ್‌ನ ಕಾರ್ಡಿಫ್‌ನಲ್ಲಿ ವೇಲ್ಸ್‌ನವರೇ ಆದ ಜ್ಯಾಕ್ ಶೋರ್ ಮುಂತಾದವರೊಂದಿಗೆ ಬೇರೂರಿತು. ಶೋರ್ 2019ರಲ್ಲಿ ಯುಎಫ್‌ಸಿಗೆ ಹೋದ ಮೇಲೂ ಕಾರ್ಡಿಫ್‌ನ ಕಾರ್ಯಕ್ರಮಗಳು ನಡೆದವು.

ಮನೆಯಲ್ಲಿ ಕುಳಿತು ನೋಡುವ ಸೌಲಭ್ಯವೂ ಗೇಟಿನ ಹಣವನ್ನು ಕಡಿಮೆ ಮಾಡಿದೆ. ಯುಎಫ್‌ಸಿ ವರ್ಷಕ್ಕೆ 40ಕ್ಕೂ ಹೆಚ್ಚು ಕಾರ್ಯಕ್ರಮ ನಡೆಸುತ್ತದೆ, ಅಮೆರಿಕದ ಶನಿವಾರ ರಾತ್ರಿಯ ಪಂದ್ಯಗಳು ನಮಗೆ ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಸಿಗುತ್ತವೆ. ಈ ಸಂಘಟಕರೂ ಇಡೀ ಸಂಜೆಯನ್ನು ಯೂಟ್ಯೂಬ್‌ನಲ್ಲಿ ಉಚಿತವಾಗಿ ನೇರಪ್ರಸಾರ ಮಾಡಿದರು. ಪ್ರಾಯೋಜಕರಿಗೆ ವೀಕ್ಷಕರ ಸಂಖ್ಯೆ ತೋರಿಸಲು ಅದು ಬೇಕು ಎಂಬುದು ತಿಳಿಯುತ್ತದೆ. ಆದರೆ ಮನೆಯಲ್ಲಿ ಉಚಿತವಾಗಿ, ಸ್ಪಷ್ಟವಾಗಿ, ವಿವರಣೆಯೊಂದಿಗೆ ಕಾಣುವುದನ್ನು ಸಾವಿರಾರು ರೂಪಾಯಿ ಕೊಟ್ಟು ಬಂದವರಿಗೆ ಕಾಣದಂತೆ ಮಾಡುವುದು ತಪ್ಪು. ಪಂಜರದ ಬಳಿ ಕುಳಿತವರಿಗೆ ಮಾತ್ರ ಸಿಗುವಂಥದ್ದು ಇರಬೇಕು, ಇದೆ ಕೂಡ: ಒದೆತ ತೊಡೆಗೆ ಬಿದ್ದಾಗಿನ ಸದ್ದು, ಸುತ್ತುಗಳ ನಡುವೆ ತರಬೇತುದಾರ ಹೇಳುವ ಮಾತು, ಗೆದ್ದವನು ಸೋತವನ ಬಳಿ ಹೋಗಿ ಕೈ ಹಿಡಿದು ಎಬ್ಬಿಸುವ ರೀತಿ. ಇವು ಯಾವ ಪರದೆಯಲ್ಲೂ ಹಾಗೆ ದಕ್ಕುವುದಿಲ್ಲ.

ಅಂಕ ಕೊಡಬೇಕೆಂದರೆ ಪಂದ್ಯಗಳ ಗುಣಮಟ್ಟಕ್ಕೆ ಐದರಲ್ಲಿ ನಾಲ್ಕು, ಸುರಕ್ಷತೆ ಮತ್ತು ರೆಫರಿಗಳಿಗೆ ಐದಕ್ಕೆ ಐದು, ಪ್ರಚಾರ ಮತ್ತು ಮಾಹಿತಿಗೆ ಒಂದು, ಆಸನ ಮತ್ತು ನೋಟಕ್ಕೆ ಒಂದೂವರೆ ಕೊಡುತ್ತೇನೆ. ತಿಂಡಿ ಸಾಧಾರಣ, ನೀರಿನ ಬೆಲೆ ವಿಪರೀತ. ಕುಸ್ತಿ, ಬಾಕ್ಸಿಂಗ್, ಜೂಡೊ ಯಾವುದರಲ್ಲಾದರೂ ಆಸಕ್ತಿಯುಳ್ಳವರು ಹೋಗಿ ನೋಡಲಿ ಎಂದೇ ಹೇಳುತ್ತೇನೆ. ಹೋಗುವವರು ನೆಲದ ಕುರ್ಚಿಯ ದುಬಾರಿ ಟಿಕೆಟ್ ಬಿಟ್ಟು, ಮೆಟ್ಟಿಲುಗಳಿರುವ ಗ್ಯಾಲರಿಯಲ್ಲಿ ಪಂಜರದ ಬಾಗಿಲಿಗೆ ಎದುರಾಗಿ ಕೂರಬೇಕು. ಅಲ್ಲಿಂದ ನೆಲದ ಸೆಣಸಾಟ ಚೆನ್ನಾಗಿ ಕಾಣುತ್ತದೆ, ಬೆಲೆಯೂ ಅರ್ಧಕ್ಕಿಂತ ಕಡಿಮೆ. ಹಿಂದಿನ ದಿನ ಸಂಜೆ ತೂಕ ಪರೀಕ್ಷೆಯ ನಂತರ ಪಟ್ಟಿ ನೋಡಿ ಟಿಕೆಟ್ ಕೊಂಡರೂ ಸೀಟು ಸಿಗುತ್ತದೆ. ಆರಂಭದ ಅಮೆಚೂರ್ ಪಂದ್ಯಗಳನ್ನು ತಪ್ಪಿಸಬೇಡಿ, ರಾಜ್ಯದ ಹುಡುಗ ಹುಡುಗಿಯರು ಹೆಚ್ಚಾಗಿ ಇರುವುದು ಅವುಗಳಲ್ಲೇ. ಮಕ್ಕಳನ್ನು ಕರೆದೊಯ್ಯುವವರು ಕಿವಿಗೆ ಹತ್ತಿ ಇಟ್ಟುಕೊಂಡು ಹೋಗುವುದು ಒಳ್ಳೆಯದು. ಮುಖ್ಯ ಪಂದ್ಯ ಮುಗಿಯುವಾಗ ರಾತ್ರಿ ಹನ್ನೊಂದು ದಾಟಿರುತ್ತದೆ, ಆ ಹೊತ್ತಿನಲ್ಲಿ ಅಲ್ಲಿಂದ ಆಟೊ ಸಿಗುವುದು ಕಷ್ಟ. ವಾಪಸು ಬರುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಿ.